ಫ್ರಿಜ್‌ಗೆ ಹೋಗದ ಅಂಗಿ: ಅರಿಜೋನಾದ ಯಂಗ್‌ಬ್ಲಡ್ ಪ್ರಕರಣ

1983ರ ಅಕ್ಟೋಬರ್ 29, ಶನಿವಾರ ರಾತ್ರಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರ. ತಾಯಿಯ ಜೊತೆ ಚರ್ಚ್‌ಗೆ ಬಂದಿದ್ದ 10 ವರ್ಷದ ಹುಡುಗನೊಬ್ಬ ಪ್ರಾರ್ಥನೆಯಿಂದ ಎದ್ದು, ಚರ್ಚಿನ ಹಿಂದೆ ನಡೆಯುತ್ತಿದ್ದ ಜಾತ್ರೆ ನೋಡಲು ಹೊರಟ. ಅಲ್ಲಿಂದ ಒಬ್ಬ ನಡುವಯಸ್ಸಿನ ಗಂಡಸು ಅವನನ್ನು ಎತ್ತಿಕೊಂಡು ಹೋದ. ಒಂದೂವರೆ ಗಂಟೆ ಹಿಡಿದಿಟ್ಟುಕೊಂಡು ಲೈಂಗಿಕ ದೌರ್ಜನ್ಯ ಮಾಡಿದ. ಆಮೇಲೆ ವಾಪಸ್ ಜಾತ್ರೆಗೇ ತಂದುಬಿಟ್ಟು, ಯಾರಿಗಾದರೂ ಹೇಳಿದರೆ ಕೊಂದುಬಿಡ್ತೀನಿ ಅಂತ ಹೆದರಿಸಿ ಹೋದ.

ಹುಡುಗ ಹೆದರಿ ಸುಮ್ಮನಿರಲಿಲ್ಲ. ಮನೆಗೆ ಹೋಗಿ ಹೇಳಿದ. ತಾಯಿ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಲ್ಲಿಯವರೆಗೆ ಎಲ್ಲರೂ ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದ್ದರು. ವೈದ್ಯರು ಹತ್ತಿಕಡ್ಡಿಯಿಂದ ವೀರ್ಯದ ಸ್ವಾಬ್ ತೆಗೆದರು. ಜೊತೆಗೆ ಎಂಜಲು, ರಕ್ತ, ಕೂದಲಿನ ಮಾದರಿಗಳನ್ನೂ ತೆಗೆದರು. ಅದಕ್ಕೆಂದೇ ಪೊಲೀಸರು ಕೊಟ್ಟಿದ್ದ ಕಿಟ್ ಇತ್ತು, ಎಲ್ಲವನ್ನೂ ಅದರೊಳಗೆ ಹಾಕಿ ಕೊಟ್ಟರು. ಪೊಲೀಸರು ಕಿಟ್ ಅನ್ನು ಠಾಣೆಗೆ ಒಯ್ದು ಫ್ರಿಜ್‌ನಲ್ಲಿಟ್ಟರು. ಹುಡುಗನ ಟಿ-ಶರ್ಟ್ ಮತ್ತು ಒಳಚಡ್ಡಿಯನ್ನೂ ವಶಕ್ಕೆ ತೆಗೆದುಕೊಂಡರು.

ಆ ಬಟ್ಟೆಗಳನ್ನು ಮಾತ್ರ ಫ್ರಿಜ್‌ನಲ್ಲಿಡಲಿಲ್ಲ.

ಈ ಒಂದು ಸಾಲು ಐದು ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಹೋಯಿತು. ಅಲ್ಲಿ ಬಂದ ತೀರ್ಪು ಇವತ್ತಿಗೂ ಆ ದೇಶದ ಕಾನೂನು. ಜೈವಿಕ ಸಾಕ್ಷ್ಯ ಹಾಳಾದರೆ ಯಾರ ತಪ್ಪು, ಅದರ ನಷ್ಟ ಯಾರ ತಲೆಗೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದಕ್ಕಿಂತ ಕಹಿಯಾದದ್ದೂ ಗೊತ್ತಿಲ್ಲ.

ಫ್ರಿಜ್‌ನ ಹೊರಗೆ ಕಳೆದ ತಿಂಗಳುಗಳು

ಘಟನೆಯಾಗಿ ಒಂಬತ್ತು ದಿನಕ್ಕೆ, ನವೆಂಬರ್ 7ರಂದು, ಪೊಲೀಸರು ಹುಡುಗನಿಗೆ ಕೆಲವು ಫೋಟೋ ತೋರಿಸಿದರು. ಅವನು ಲ್ಯಾರಿ ಯಂಗ್‌ಬ್ಲಡ್ ಎಂಬವರ ಫೋಟೋ ತೋರಿಸಿ ಇವನೇ ಅಂದ. ದಾಳಿ ಮಾಡಿದವನು ಕಪ್ಪು ಜನಾಂಗದವನು, ಅವನ ಒಂದು ಕಣ್ಣು ಕೆಟ್ಟಿತ್ತು ಎಂದು ಹುಡುಗ ಮೊದಲೇ ಹೇಳಿದ್ದ. ಯಂಗ್‌ಬ್ಲಡ್ ಅವರಿಗೂ ಒಂದು ಕಣ್ಣು ಸರಿ ಇರಲಿಲ್ಲ. ಡಿಸೆಂಬರ್‌ನಲ್ಲಿ ಅವರ ಬಂಧನವಾಯಿತು.

ನವೆಂಬರ್ 8ರಂದು, ಅಂದರೆ ಫೋಟೋ ತೋರಿಸಿದ ಮರುದಿನವೇ, ಪೊಲೀಸ್ ಇಲಾಖೆಯ ಪ್ರಯೋಗಾಲಯದ ತಜ್ಞರು ಕಿಟ್ ತೆರೆದರು. ಲೈಂಗಿಕ ಸಂಪರ್ಕ ನಡೆದಿದೆಯಾ ಇಲ್ಲವಾ ಅಂತ ಮಾತ್ರ ನೋಡಿದರು. ನಡೆದಿದೆ ಅಂತ ಗೊತ್ತಾಯಿತು. ಕಿಟ್ ವಾಪಸ್ ಫ್ರಿಜ್‌ಗೆ ಹೋಯಿತು. ರಕ್ತದ ಗುಂಪಿನ ಪರೀಕ್ಷೆ ಮಾಡಲಿಲ್ಲ. ಮೊದಲ ಹಂತದಲ್ಲಿ ಅದನ್ನು ಮಾಡುವ ರೂಢಿ ಇಲ್ಲ, ಒಟ್ಟಾರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಮಾತ್ರ ಮಾಡುತ್ತೇವೆ ಅಂತ ಆ ತಜ್ಞರು ಆಮೇಲೆ ಕೋರ್ಟ್‌ನಲ್ಲಿ ಹೇಳಿದರು. ಬಟ್ಟೆಗಳನ್ನಂತೂ ಅವತ್ತು ಬಿಚ್ಚಿಯೂ ನೋಡಲಿಲ್ಲ.

ಬಟ್ಟೆಗಳನ್ನು ಮೊದಲ ಸಲ ಪರೀಕ್ಷೆಗೆ ತೆಗೆದದ್ದು 1985ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ 14 ತಿಂಗಳು ದಾಟಿತ್ತು. ಒಳಚಡ್ಡಿಯ ಮೇಲೆ ಒಂದು ಕಲೆ, ಟಿ-ಶರ್ಟಿನ ಹಿಂಬದಿಯಲ್ಲಿ ಇನ್ನೊಂದು ಕಲೆ ಸಿಕ್ಕಿತು. ಎರಡೂ ವೀರ್ಯದ ಕಲೆಗಳೇ. ಎಬಿಒ ರಕ್ತಗುಂಪಿನ ಪರೀಕ್ಷೆ ಮಾಡಿದರು, ಏನೂ ಬರಲಿಲ್ಲ. ಪಿ-30 ಎಂಬ ಪ್ರೋಟೀನಿನ ಪರೀಕ್ಷೆ ಮಾಡಿದರು. ಇದು ವೀರ್ಯ ಇದೆಯಾ, ಎಷ್ಟಿದೆ ಅಂತ ಹೇಳುತ್ತದೆ, ಯಾರದು ಅಂತ ಹೇಳುವುದಿಲ್ಲ. ತುಂಬಾ ಕಡಿಮೆ ಪ್ರಮಾಣ ಉಳಿದಿದೆ ಅಂತಷ್ಟೇ ತಿಳಿಯಿತು. ಕಿಟ್‌ನಲ್ಲಿದ್ದ ಸ್ವಾಬ್ ಮೇಲೂ ಎಬಿಒ ಪರೀಕ್ಷೆ ಮಾಡಿ ನೋಡಿದ್ದರು. ಅದರಲ್ಲೂ ರಕ್ತಗುಂಪಿನ ಸುಳಿವು ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಆ ಕಾಲದ ವಿಜ್ಞಾನ ನೋಡಬೇಕು. ಡಿಎನ್‌ಎ ಬೆರಳಚ್ಚು ವಿಧಾನವನ್ನು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದದ್ದು 1984ರಲ್ಲಿ. ಈ ಘಟನೆ ಅದಕ್ಕೂ ಹಿಂದಿನದು. ಆಗ ಪ್ರಯೋಗಾಲಯಗಳ ಕೈಯಲ್ಲಿ ಇದ್ದದ್ದು ರಕ್ತದ ಗುಂಪು ಮತ್ತು ಕೆಲವು ಪ್ರೋಟೀನ್ ಗುರುತುಗಳು. ಸುಮಾರು ನೂರರಲ್ಲಿ 80 ಜನರಿಗೆ ವೀರ್ಯ, ಎಂಜಲಿನಂಥ ದ್ರವಗಳಲ್ಲೂ ಅವರ ರಕ್ತಗುಂಪಿನ ಅಂಶ ಹೊರಬರುತ್ತದೆ. ಕಲೆಯಲ್ಲಿ ಎ ಗುಂಪು ಸಿಕ್ಕಿ, ಆರೋಪಿಯದು ಬಿ ಆಗಿದ್ದರೆ ಅವನು ಪಾರು. ಗುಂಪು ಹೊಂದಿದರೆ ಮಾತ್ರ ಅದರಿಂದ ಜಾಸ್ತಿ ಏನೂ ಸಾಬೀತಾಗುವುದಿಲ್ಲ. ಅದೇ ಗುಂಪಿನ ಸಾವಿರಾರು ಜನ ಊರಲ್ಲೇ ಇರುತ್ತಾರಲ್ಲ. ಅಂದರೆ ಆ ಕಾಲದ ಪರೀಕ್ಷೆಯಿಂದ ತಪ್ಪಿತಸ್ಥ ಯಾರು ಅಂತ ಹೇಳುವುದು ಕಷ್ಟ, ತಪ್ಪು ಮಾಡದವನನ್ನು ಬಿಡಿಸುವುದು ಸುಲಭ. ಪರೀಕ್ಷೆ ಆಗದೆ ಹೋದರೆ ನಷ್ಟ ಯಾರಿಗೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಆದರೆ ಈ ಗುರುತುಗಳಿಗೆ ಆಯಸ್ಸು ಕಡಿಮೆ. ಒದ್ದೆ ಇದ್ದರೆ ಬ್ಯಾಕ್ಟೀರಿಯಾ ಬೆಳೆದು ಪ್ರೋಟೀನ್ ತಿಂದುಹಾಕುತ್ತದೆ. ಶಾಖ ಆ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ. ಟೂಸಾನ್ ಇರುವುದು ಸೊನೊರಾ ಮರುಭೂಮಿಯಲ್ಲಿ, ಅಲ್ಲಿನ ಬೇಸಿಗೆ ಸುಮ್ನೆ ಅಲ್ಲ. ಬಟ್ಟೆ ಪೊಲೀಸರ ಕೈಯಲ್ಲಿದ್ದ ಆ ಅವಧಿಯಲ್ಲಿ ಒಂದು ಇಡೀ ಬೇಸಿಗೆ ಕಳೆದಿತ್ತು. ಬಟ್ಟೆ ಸಿಕ್ಕ ಹೊಸದರಲ್ಲೇ ಪರೀಕ್ಷೆ ಮಾಡಿದ್ದರೆ, ಇಲ್ಲವೇ ಅದನ್ನು ಸರಿಯಾಗಿ ತಣ್ಣಗಿಟ್ಟಿದ್ದರೆ, ಯಂಗ್‌ಬ್ಲಡ್ ಪೂರ್ತಿ ಬಿಡುಗಡೆಯಾಗುವ ಫಲಿತಾಂಶ ಬರಬಹುದಿತ್ತು ಅಂತ ವಿಚಾರಣೆಯಲ್ಲಿ ತಜ್ಞರೇ ಸಾಕ್ಷಿ ನುಡಿದರು.

ಎಲ್ಲರೂ ಈ ಪ್ರಕರಣವನ್ನು ಫ್ರಿಜ್‌ನ ಕಥೆ ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನವೆಂಬರ್ 8ನೇ ತಾರೀಖು. ಅವತ್ತು ತಜ್ಞರು ಕೆಲಸಕ್ಕೆ ಕೂತಿದ್ದರು, ಕಿಟ್ ತೆರೆದಿತ್ತು, ಘಟನೆಯಾಗಿ ಹತ್ತೇ ದಿನ ಆಗಿತ್ತು. ಆರೋಪಿಯ ಫೋಟೋ ಗುರುತಿಸಿ ಆಗಿತ್ತು. ಕೇಸ್ ಗಟ್ಟಿಯಾಯಿತು ಅಂತ ಎಲ್ಲರಿಗೂ ಅನ್ನಿಸಿದ ಹೊತ್ತು ಅದು. ಒಮ್ಮೆ ಹಾಗನ್ನಿಸಿಬಿಟ್ಟರೆ ಬಟ್ಟೆ ಬಿಚ್ಚಿ ನೋಡುವ ಆತುರ ಯಾರಿಗಿರುತ್ತದೆ?

ತೀರ್ಪು

ಕೋರ್ಟ್‌ನಲ್ಲಿ ಯಂಗ್‌ಬ್ಲಡ್ ಕಡೆಯವರ ವಾದ ಇಷ್ಟೇ. ಹುಡುಗ ಸುಳ್ಳು ಹೇಳುತ್ತಿಲ್ಲ, ಆದರೆ ಗುರುತಿಸುವಲ್ಲಿ ತಪ್ಪಿದ್ದಾನೆ. ಅದನ್ನು ತೋರಿಸಿಕೊಡಬಹುದಾಗಿದ್ದ ಒಂದೇ ವಸ್ತು ಪೊಲೀಸರ ಕೈಯಲ್ಲಿ ಹಾಳಾಗಿದೆ.

ನ್ಯಾಯಾಧೀಶರು ಜ್ಯೂರಿಗೆ, ಅಂದರೆ ಆರೋಪಿ ತಪ್ಪಿತಸ್ಥನಾ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ಗುಂಪಿಗೆ, ಒಂದು ಸೂಚನೆ ಕೊಟ್ಟರು. ಅರಿಜೋನಾದಲ್ಲಿ ಇದಕ್ಕೆ ವಿಲಿಟ್ಸ್ ಸೂಚನೆ ಅನ್ನುತ್ತಾರೆ. ಸರ್ಕಾರದ ಕೈಯಲ್ಲಿ ಸಾಕ್ಷ್ಯ ಹಾಳಾಗಿದೆ ಅಂತ ನಿಮಗೆ ಅನ್ನಿಸಿದರೆ, ಆ ಸಾಕ್ಷ್ಯ ಉಳಿದಿದ್ದರೆ ಸರ್ಕಾರದ ವಿರುದ್ಧವೇ ಹೇಳುತ್ತಿತ್ತು ಅಂತ ನೀವು ಊಹಿಸಬಹುದು ಅನ್ನುವ ಸೂಚನೆ ಅದು. ಜ್ಯೂರಿ ಹಾಗೆ ಊಹಿಸಲಿಲ್ಲ. 1985ರಲ್ಲಿ ಯಂಗ್‌ಬ್ಲಡ್ ತಪ್ಪಿತಸ್ಥ ಅಂತ ತೀರ್ಮಾನವಾಯಿತು. ಹತ್ತೂವರೆ ವರ್ಷ ಜೈಲು. ಎದುರಿಗೆ ಕೂತ ಮಗು ಬೆರಳು ತೋರಿಸಿ ಇವನೇ ಅನ್ನುವಾಗ, ಇಲ್ಲದ ಸಾಕ್ಷ್ಯದ ಬಗ್ಗೆ ಊಹೆ ಮಾಡಿ ಅಂತ ಕೇಳಿದರೆ ಜ್ಯೂರಿ ಯಾವ ಕಡೆ ವಾಲುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

1986ರಲ್ಲಿ ಅರಿಜೋನಾದ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಪೊಲೀಸರ ಉದ್ದೇಶ ಏನೇ ಇರಲಿ, ಗುರುತೇ ಮುಖ್ಯ ಪ್ರಶ್ನೆಯಾಗಿರುವ ಪ್ರಕರಣದಲ್ಲಿ ಆರೋಪಿಯನ್ನು ಬಿಡಿಸಬಹುದಾದ ಸಾಕ್ಷ್ಯವನ್ನು ಸರ್ಕಾರ ಹಾಳುಮಾಡಿದರೆ ನ್ಯಾಯಯುತ ವಿಚಾರಣೆ ಆಗಲಿಲ್ಲ ಎಂದೇ ಅರ್ಥ ಅಂದಿತು. ಯಂಗ್‌ಬ್ಲಡ್ ಹೊರಬಂದರು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು.

1988ರ ನವೆಂಬರ್ 29ರಂದು ತೀರ್ಪು ಬಂತು. ಆರು ನ್ಯಾಯಮೂರ್ತಿಗಳು ಸರ್ಕಾರದ ಪರ, ಮೂವರು ವಿರುದ್ಧ. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್. ಅದರ ತಿರುಳು ಹೀಗಿದೆ: ಬರೀ ಉಪಯೋಗಕ್ಕೆ ಬರಬಹುದಾಗಿದ್ದ ಸಾಕ್ಷ್ಯ ಹಾಳಾಯಿತು ಅಂದ ಮಾತ್ರಕ್ಕೆ ಸಂವಿಧಾನದ ಉಲ್ಲಂಘನೆ ಆಗುವುದಿಲ್ಲ. ಪೊಲೀಸರು ದುರುದ್ದೇಶದಿಂದ ಹಾಗೆ ಮಾಡಿದರು ಅಂತ ಆರೋಪಿ ತೋರಿಸಬೇಕು. ಟೂಸಾನ್ ಪೊಲೀಸರು ಮಾಡಿದ್ದನ್ನು ಹೆಚ್ಚೆಂದರೆ ಅಸಡ್ಡೆ ಅನ್ನಬಹುದು. ಯಾವುದೋ ಒಂದು ಪರೀಕ್ಷೆ ಮಾಡಲೇಬೇಕು ಅನ್ನುವ ಸಾಂವಿಧಾನಿಕ ಹೊಣೆ ಕೂಡ ಪೊಲೀಸರಿಗಿಲ್ಲ.

ಈ ವಾದವನ್ನು ಒಂದೇ ಏಟಿಗೆ ತಳ್ಳಿಹಾಕುವುದು ನನ್ನಿಂದ ಆಗುವುದಿಲ್ಲ. ಪೊಲೀಸ್ ಠಾಣೆಗೆ ದಿನಾ ಬಂದು ಬೀಳುವ ವಸ್ತುಗಳಲ್ಲಿ ಮುಂದೆ ಯಾವುದು ಯಾರಿಗೆ ಉಪಯೋಗಕ್ಕೆ ಬರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಎಲ್ಲವನ್ನೂ ಎಲ್ಲ ಕಾಲಕ್ಕೂ ಇಡಿ, ಒಂದು ಹಾಳಾದರೂ ಕೇಸ್ ವಜಾ ಅಂದರೆ ಬಲಿಪಶುಗಳಿಗೆ ಅನ್ಯಾಯವಾಗುತ್ತದೆ. ಸಂವಿಧಾನದ ತೂಕವನ್ನು ಪ್ರತಿಯೊಂದು ಕಾಗದದ ಚೀಲದ ಮೇಲೂ ಹೇರಲು ಆಗುವುದಿಲ್ಲ ಅಂತ ಕೋರ್ಟ್ ಹಿಂಜರಿದದ್ದು ಅರ್ಥವಾಗುವಂಥದ್ದೇ.

ಆದರೆ ಈ ಹುಡುಗನ ಅಂಗಿ ಅಂಥ ಯಾವುದೋ ಒಂದು ವಸ್ತು ಆಗಿರಲಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಬಲಿಪಶು ತೊಟ್ಟಿದ್ದ ಒಳಬಟ್ಟೆ ಮುಖ್ಯವಾಗುತ್ತದೆ ಅಂತ ಊಹಿಸಲು ಭವಿಷ್ಯ ಗೊತ್ತಿರಬೇಕಾಗಿಲ್ಲ. ಅದು ಮುಖ್ಯ ಅಂತಲೇ ಪೊಲೀಸರು ವಶಪಡಿಸಿಕೊಂಡದ್ದು. ಕಿಟ್ ಇಡಲು ಅದೇ ಇಲಾಖೆಗೆ ಫ್ರಿಜ್ ಇತ್ತು. ತಣ್ಣಗಿಡಬೇಕು ಅನ್ನುವುದೂ ಗೊತ್ತಿತ್ತು.

ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಇದನ್ನೇ ಹಿಡಿದರು. ಬ್ರೆನನ್ ಮತ್ತು ಮಾರ್ಷಲ್ ಅವರ ಜೊತೆಗಿದ್ದರು. ಆರೋಪಿಗೆ ಸಂವಿಧಾನ ಕೊಟ್ಟಿರುವುದು ನ್ಯಾಯಯುತ ವಿಚಾರಣೆಯ ಹಕ್ಕು, ನ್ಯಾಯಯುತವಾಗಿ ನಡೆಸಲು ಒಳ್ಳೆಯ ಮನಸ್ಸಿನಿಂದ ಪ್ರಯತ್ನಪಟ್ಟೆವು ಅನ್ನುವ ಸಮಾಧಾನ ಅಲ್ಲ ಅಂತ ಅವರು ಶುರುವಿನಲ್ಲೇ ಬರೆದರು. ದುರುದ್ದೇಶ ಅಂದರೆ ಏನು, ಎಷ್ಟು ಅಸಡ್ಡೆ ಮಾಡಿದರೆ ಅದು ದುರುದ್ದೇಶ ಆಗುತ್ತದೆ ಅಂತಲೂ ಕೇಳಿದರು. ಸರಿಯಾದ ಪ್ರಶ್ನೆ. ಫ್ರಿಜ್‌ನಲ್ಲಿಡದೆ ಬಿಟ್ಟ ಪೇದೆಯ ಮನಸ್ಸಿನಲ್ಲಿ ಏನಿತ್ತು ಅಂತ ಜೈಲಿನಲ್ಲಿ ಕೂತ ಆರೋಪಿ ಹೇಗೆ ಸಾಬೀತು ಮಾಡಬೇಕು?

ನನಗೆ ಹೆಚ್ಚು ಕಾಡುವುದು ಇವೆರಡೂ ಅಲ್ಲ, ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದ ಚಿಕ್ಕ ಟಿಪ್ಪಣಿ. ಅವರು ದುರುದ್ದೇಶದ ನಿಯಮವನ್ನು ಪೂರ್ತಿ ಒಪ್ಪಲಿಲ್ಲ. ಪೊಲೀಸರಿಗೆ ದುರುದ್ದೇಶ ಇಲ್ಲದಿದ್ದರೂ ವಿಚಾರಣೆ ಅನ್ಯಾಯವಾಗಿಬಿಡುವ ಪ್ರಕರಣಗಳು ಇರಬಹುದು ಅಂದರು. ಆದರೆ ಈ ಪ್ರಕರಣ ಅಂಥದ್ದಲ್ಲ ಅಂತ ಶಿಕ್ಷೆಯ ಪರವಾಗಿ ನಿಂತರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿದೆ. ಊಹಿಸಲು ಅವಕಾಶ ಕೊಟ್ಟರೂ ಜ್ಯೂರಿ ಊಹಿಸಲಿಲ್ಲ ಅಂದ ಮೇಲೆ ಉಳಿದ ಸಾಕ್ಷ್ಯ ಅಷ್ಟು ಬಲವಾಗಿತ್ತು ಅಂತ ಅರ್ಥ. ಹಾಗಾಗಿ ಕಳೆದುಹೋದ ಸಾಕ್ಷ್ಯ ಆರೋಪಿಯನ್ನು ಬಿಡಿಸುತ್ತಿತ್ತು ಅನ್ನುವ ಸಂಭವ ತೀರಾ ಕಡಿಮೆ. ಸ್ಟೀವನ್ಸ್ ಆ ನ್ಯಾಯಪೀಠದ ಉದಾರವಾದಿಗಳಲ್ಲಿ ಒಬ್ಬರು, ಎಚ್ಚರಿಕೆಯಿಂದ ಯೋಚಿಸುವವರು. ಅವರಿಗೂ ಯಂಗ್‌ಬ್ಲಡ್ ತಪ್ಪಿತಸ್ಥ ಅಂತಲೇ ಅನ್ನಿಸಿತ್ತು.

2000ನೇ ಇಸವಿ

ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೂ ಪ್ರಕರಣ ಅರಿಜೋನಾದ ನ್ಯಾಯಾಲಯಗಳಲ್ಲಿ ಸುತ್ತಿತು. ರಾಜ್ಯದ ಸಂವಿಧಾನದ ಪ್ರಕಾರವಾದರೂ ರಕ್ಷಣೆ ಸಿಗುತ್ತದಾ ಅನ್ನುವುದು ಈಗಿನ ಪ್ರಶ್ನೆ. ಕೆಳಗಿನ ಮೇಲ್ಮನವಿ ನ್ಯಾಯಾಲಯ ಮತ್ತೆ ಯಂಗ್‌ಬ್ಲಡ್ ಪರ ನಿಂತಿತು. 1993ರಲ್ಲಿ ಅರಿಜೋನಾ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಶಿಕ್ಷೆಯನ್ನು ವಾಪಸ್ ತಂದಿತು. ಹೊರಗಿದ್ದ ಮನುಷ್ಯ ಮತ್ತೆ ಜೈಲಿಗೆ ಹೋದರು. 1998ರಲ್ಲಿ ಪೆರೋಲ್ ಮೇಲೆ ಬಿಟ್ಟರು. ಆದರೆ ಲೈಂಗಿಕ ಅಪರಾಧಿ ಅನ್ನುವ ಹಣೆಪಟ್ಟಿ ಜೊತೆಗೇ ಬಂತು. ಮನೆ ಬದಲಾಯಿಸಿದಾಗ ಹೊಸ ವಿಳಾಸವನ್ನು ನೋಂದಾಯಿಸಲಿಲ್ಲ ಅಂತ 1999ರಲ್ಲಿ ಮತ್ತೆ ಬಂಧಿಸಿದರು.

ಈ ಬಂಧನವೇ ಬಾಗಿಲು ತೆರೆಯಿತು. ಅವರ ವಕೀಲರು ಉಳಿದಿರುವ ಸಾಕ್ಷ್ಯದ ಡಿಎನ್‌ಎ ಪರೀಕ್ಷೆ ಮಾಡಿ ಅಂತ ಕೇಳಿದರು. 1985ರಲ್ಲಿ ಯಾವ ಉತ್ತರವನ್ನೂ ಕೊಡದಷ್ಟು ಕೆಟ್ಟಿದ್ದ ಸಾಕ್ಷ್ಯ 2000ದಲ್ಲಿ ಮಾತಾಡಿತು. ಡಿಎನ್‌ಎ ಯಂಗ್‌ಬ್ಲಡ್ ಅವರದ್ದಲ್ಲ. ಆಗಸ್ಟ್‌ನಲ್ಲಿ ಅವರ ಮೇಲಿನ ಆರೋಪ ವಜಾ ಆಯಿತು. ಘಟನೆಯಾಗಿ ಹತ್ತಿರ ಹತ್ತಿರ 17 ವರ್ಷ ಆಗಿತ್ತು.

ಇದು ಹೇಗೆ ಸಾಧ್ಯವಾಯಿತು? ಪ್ರೋಟೀನಿಗಿಂತ ಡಿಎನ್‌ಎ ಗಟ್ಟಿ. ಅದು ತುಂಡಾಗುತ್ತದೆ, ಆದರೆ ಒಮ್ಮೆಗೇ ಮಾಯವಾಗುವುದಿಲ್ಲ. ಮೊದಮೊದಲ ಡಿಎನ್‌ಎ ಪರೀಕ್ಷೆಗಳಿಗೆ ಉದ್ದನೆಯ, ಮುರಿಯದ ಎಳೆಗಳು ಬೇಕಿದ್ದವು. 1990ರ ದಶಕದಲ್ಲಿ ಬಂದ ಎಸ್‌ಟಿಆರ್ ವಿಧಾನಕ್ಕೆ ಕೆಲವು ನೂರು ಅಕ್ಷರಗಳಷ್ಟು ಚಿಕ್ಕ ತುಣುಕು ಸಾಕು. ಪಿಸಿಆರ್ ಆ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿಕೊಡುತ್ತದೆ. ಹಾಗಾಗಿ ಸ್ವಲ್ಪ ಉಳಿದಿದ್ದರೂ ಸಾಕು. ಆದರೆ ಆ ಸ್ವಲ್ಪ ಉಳಿದಿರಲೇಬೇಕು. ಮೇಲ್ಮನವಿಗಳೆಲ್ಲ ಮುಗಿದವು, ಇನ್ಯಾಕೆ ಜಾಗ ದಂಡ ಅಂತ ಯಾರಾದರೂ 1994ರಲ್ಲಿ ಆ ಕಿಟ್ ಎಸೆದುಬಿಟ್ಟಿದ್ದರೆ? ಅದಕ್ಕೂ ದುರುದ್ದೇಶ ಇರುತ್ತಿರಲಿಲ್ಲ.

ಸಿಕ್ಕ ಡಿಎನ್‌ಎ ಗುರುತನ್ನು ರಾಷ್ಟ್ರೀಯ ಡೇಟಾಬೇಸ್‌ಗೆ ಹಾಕಿದರು. 2001ರಲ್ಲಿ ಹೊಂದಾಣಿಕೆ ಸಿಕ್ಕಿತು. ಟೆಕ್ಸಾಸ್‌ನಲ್ಲಿ ಬೇರೆ ಪ್ರಕರಣದಲ್ಲಿ ಜೈಲಿನಲ್ಲಿದ್ದ ವ್ಯಕ್ತಿ. ಅವನಿಗೂ ಒಂದು ಕಣ್ಣು ಕುರುಡು. ಹುಡುಗ ಕಂಡದ್ದನ್ನೇ ಹೇಳಿದ್ದ, ಫೋಟೋ ಮಾತ್ರ ಬೇರೆಯವರದ್ದಾಗಿತ್ತು. 2002ರಲ್ಲಿ ಆ ವ್ಯಕ್ತಿಗೆ 24 ವರ್ಷ ಶಿಕ್ಷೆಯಾಯಿತು. ಮೊದಲ ತಿಂಗಳಲ್ಲೇ ಬಟ್ಟೆಯ ಪರೀಕ್ಷೆಯಾಗಿ ಯಂಗ್‌ಬ್ಲಡ್ ಅಲ್ಲ ಅಂತ ಗೊತ್ತಾಗಿದ್ದರೆ ಪೊಲೀಸರು ಹುಡುಕಾಟ ನಿಲ್ಲಿಸುತ್ತಿರಲಿಲ್ಲ. ಸಾಕ್ಷ್ಯ ಹಾಳಾದದ್ದರಿಂದ ನಷ್ಟ ಆದದ್ದು ಆರೋಪಿಗೆ ಒಬ್ಬರಿಗೇ ಅಲ್ಲ. ಹುಡುಗನಿಗೂ ಅವನ ತಾಯಿಗೂ ನಿಜವಾದ ಅಪರಾಧಿ ಯಾರು ಅಂತ ಗೊತ್ತಾಗಲು 18 ವರ್ಷ ಬೇಕಾಯಿತು.

ಕಾನೂನು ಮಾತ್ರ ಕದಲಲಿಲ್ಲ. 2004ರಲ್ಲಿ ಇಲಿನಾಯ್ಸ್‌ನ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ದುರುದ್ದೇಶದ ನಿಯಮವನ್ನು ಮತ್ತೆ ಹೇಳಿತು. ಯಾರ ಹೆಸರಿನಲ್ಲಿ ಆ ನಿಯಮ ಇದೆಯೋ ಅವರು ನಿರಪರಾಧಿ ಅಂತ ಸಾಬೀತಾಗಿ ನಾಲ್ಕು ವರ್ಷ ಆಗಿತ್ತು. ಕನೆಕ್ಟಿಕಟ್, ಟೆನೆಸ್ಸಿ, ಡೆಲವೇರ್‌ನಂಥ ಕೆಲವು ರಾಜ್ಯಗಳ ನ್ಯಾಯಾಲಯಗಳು ತಮ್ಮ ರಾಜ್ಯದ ಸಂವಿಧಾನದ ಅಡಿಯಲ್ಲಿ ಬೇರೆ ದಾರಿ ಹಿಡಿದಿವೆ. ಉದ್ದೇಶ ಒಂದನ್ನೇ ನೋಡದೆ, ಕಳೆದುಹೋದ ಸಾಕ್ಷ್ಯ ಎಷ್ಟು ಮುಖ್ಯವಾಗಿತ್ತು, ಅಸಡ್ಡೆ ಎಷ್ಟಿತ್ತು, ಉಳಿದ ಸಾಕ್ಷ್ಯ ಎಷ್ಟು ಗಟ್ಟಿ ಅಂತ ಎಲ್ಲವನ್ನೂ ತೂಗುತ್ತವೆ. ಬದಲಾವಣೆ ಹೆಚ್ಚಾಗಿ ಬಂದದ್ದು ಶಾಸನಸಭೆಗಳಿಂದ. 2004ರ ಒಂದು ಕೇಂದ್ರ ಕಾಯ್ದೆ, ಅಪರಾಧಿ ಶಿಕ್ಷೆ ಅನುಭವಿಸುತ್ತಿರುವವರೆಗೆ ಫೆಡರಲ್ ಪ್ರಕರಣಗಳ ಜೈವಿಕ ಸಾಕ್ಷ್ಯವನ್ನು ಕಾಪಾಡಬೇಕು ಅನ್ನುತ್ತದೆ. ಅರಿಜೋನಾ ಕೂಡ ಆಮೇಲೆ ಇಂಥದ್ದೇ ಕಾನೂನು ಮಾಡಿಕೊಂಡಿತು.

ಹಾಗಾದರೆ ಹೇಗಿಡಬೇಕು?

ಫ್ರಿಜ್‌ನಲ್ಲಿ ಇಟ್ಟುಬಿಟ್ಟರೆ ಮುಗಿಯಿತು ಅನ್ನುವ ತಿಳುವಳಿಕೆ ಅರ್ಧ ಸರಿ. 2013ರಲ್ಲಿ ಅಮೆರಿಕದಲ್ಲಿ ಅಳತೆ-ಮಾನದಂಡಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಸ್ಟ್ ಜೈವಿಕ ಸಾಕ್ಷ್ಯ ಕಾಪಾಡುವ ಬಗ್ಗೆ ಒಂದು ಕೈಪಿಡಿ ಹೊರತಂದಿತು. ಅದರಲ್ಲೂ, ಪ್ರಯೋಗಾಲಯದವರ ಅನುಭವದಲ್ಲೂ ಮೊದಲ ಶತ್ರು ತೇವ, ಶಾಖ ಆಮೇಲೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿಟ್ಟು ಎರಡು ದಿನ ಬಿಟ್ಟು ಬಿಚ್ಚಿದರೆ ಏನು ವಾಸನೆ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಆ ವಾಸನೆ ಬಂತು ಅಂದರೆ ಕಲೆಯಲ್ಲಿದ್ದ ಸಾಕ್ಷ್ಯ ಕೊಳೆಯುತ್ತಿದೆ ಎಂದರ್ಥ. ಅದಕ್ಕೇ ರಕ್ತ, ವೀರ್ಯ ತಾಗಿದ ಬಟ್ಟೆಯನ್ನು ಮೊದಲು ನೆರಳಲ್ಲಿ, ಗಾಳಿಗೆ, ತಾನಾಗಿಯೇ ಒಣಗಲು ಬಿಡಬೇಕು. ಬಿಸಿಲಿಗೆ ಹಾಕಬಾರದು, ಹೇರ್ ಡ್ರೈಯರ್ ಹಿಡಿಯಬಾರದು. ಕೆಳಗೊಂದು ಶುಭ್ರ ಕಾಗದ ಹಾಸಿ, ಒಣಗುವಾಗ ಉದುರಿದ್ದನ್ನು ಆ ಕಾಗದದ ಸಮೇತ ಮಡಚಿಡಬೇಕು. ಪ್ರತಿ ಬಟ್ಟೆಗೂ ಬೇರೆ ಬೇರೆ ಕಾಗದದ ಚೀಲ. ಕಾಗದಕ್ಕೆ ಉಸಿರಾಟ ಇದೆ, ಪ್ಲಾಸ್ಟಿಕ್‌ಗೆ ಇಲ್ಲ. ಎರಡು ಬಟ್ಟೆಯನ್ನು ಒಂದೇ ಚೀಲಕ್ಕೆ ತುರುಕಿದರೆ ಒಂದರ ಕಲೆ ಇನ್ನೊಂದಕ್ಕೆ ದಾಟುತ್ತದೆ, ಆಮೇಲೆ ಕೋರ್ಟ್‌ನಲ್ಲಿ ವಕೀಲರಿಗೆ ಹಬ್ಬ.

ಹೀಗೆ ಚೆನ್ನಾಗಿ ಒಣಗಿದ ಕಲೆ, ಶಾಖ ಮತ್ತು ತೇವ ಹಿಡಿತದಲ್ಲಿರುವ ಮಾಮೂಲಿ ಕೋಣೆಯಲ್ಲೂ ಡಿಎನ್‌ಎ ಮಟ್ಟಿಗೆ ವರ್ಷಗಟ್ಟಲೆ ಬಾಳುತ್ತದೆ. ದ್ರವರೂಪದ ರಕ್ತದ್ದು ಬೇರೆ ಲೆಕ್ಕ. ಟ್ಯೂಬಿನಲ್ಲಿರುವ ರಕ್ತವನ್ನು ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಹೆಪ್ಪುಗಟ್ಟಿದರೆ ರಕ್ತಕಣಗಳು ಒಡೆಯುತ್ತವೆ, ಗಾಜಿನ ಟ್ಯೂಬೂ ಸೀಳಬಹುದು. ಬೇರ್ಪಡಿಸಿದ ಡಿಎನ್‌ಎ ಆದರೆ ಫ್ರೀಜರ್. ಹೀಗೆ ಒಂದೊಂದಕ್ಕೆ ಒಂದೊಂದು ಜಾಗ. 1983ರಲ್ಲಿ ಆ ಅಂಗಿಗೆ ತಣ್ಣನೆ ಜಾಗ ಬೇಕಿದ್ದದ್ದು ಆಗಿನ ಪರೀಕ್ಷೆಗಳು ಬೇಗ ಕೆಡುವ ಪ್ರೋಟೀನನ್ನು ನಂಬಿದ್ದರಿಂದ. ನಾಳೆ ಯಾವ ಪರೀಕ್ಷೆ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಇವತ್ತಿನ ಪರೀಕ್ಷೆಗೆ ಸಾಕು ಅನ್ನುವಷ್ಟು ಮಾತ್ರ ಕಾಪಾಡಿದರೆ ಸಾಲದು. ಇರುವುದನ್ನೆಲ್ಲ ಒಂದೇ ಪರೀಕ್ಷೆಗೆ ಖರ್ಚು ಮಾಡದೆ ಸ್ವಲ್ಪ ಉಳಿಸಬೇಕು ಅನ್ನುವುದೂ ಇದೇ ಕಾರಣಕ್ಕೆ.

ನಮ್ಮ ಕಡೆ

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. 2011ರಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಸುರುಳಿ ಜಲಪಾತದ ಹತ್ತಿರ ಒಂದು ಜೋಡಿಯ ಕೊಲೆಯಾಯಿತು. ಆರೋಪಿಗೆ ವಿಚಾರಣಾ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇತ್ತು, ಆದರೆ ಮಾದರಿಗಳು ಯಾರ ಕೈಯಿಂದ ಯಾರ ಕೈಗೆ ಹೋದವು, ನಡುವೆ ಎಲ್ಲಿದ್ದವು, ಪ್ರಯೋಗಾಲಯಕ್ಕೆ ತಲುಪಲು ಯಾಕೆ ತಡವಾಯಿತು ಅನ್ನುವುದಕ್ಕೆ ಸರಿಯಾದ ಉತ್ತರ ಇರಲಿಲ್ಲ. ವರದಿಯನ್ನು ನಂಬಲು ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಟೂಸಾನ್‌ನಲ್ಲಿ ಅಸಡ್ಡೆಯ ನಷ್ಟ ಆರೋಪಿಯ ತಲೆಗೆ ಬಿದ್ದಿತ್ತು. ಇಲ್ಲಿ ಅದು ಪ್ರಾಸಿಕ್ಯೂಷನ್ ತಲೆಗೆ ಬಿತ್ತು. ಪೊಲೀಸರ ಮನಸ್ಸಿನಲ್ಲಿ ಏನಿತ್ತು ಅಂತ ನಮ್ಮ ಕೋರ್ಟ್ ಕೇಳಲಿಲ್ಲ, ವಸ್ತು ನಂಬಿಕೆಗೆ ಯೋಗ್ಯವಾಗಿದೆಯಾ ಅಂತ ಮಾತ್ರ ಕೇಳಿತು. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೇ. ಆದರೆ ಇದರಿಂದ ಸತ್ತವರ ಮನೆಯವರಿಗೆ ಏನು ಸಿಕ್ಕಿತು ಅಂದರೆ ಅದಕ್ಕೂ ಉತ್ತರ ಇಲ್ಲ.

ಅದೇ ತೀರ್ಪಿನಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಕೆಲವು ನಿಯಮಗಳು ಬಂದವು. ಮಾದರಿ ತೆಗೆದ ದಾಖಲೆಗೆ ವೈದ್ಯರು, ತನಿಖಾಧಿಕಾರಿ, ಪಂಚರು ಸಹಿ ಹಾಕಬೇಕು. ಪೊಟ್ಟಣದ ಮೇಲೆ ಎಫ್‌ಐಆರ್ ನಂಬರ್, ಠಾಣೆ, ಅಧಿಕಾರಿಯ ವಿವರ ಎಲ್ಲ ಇರಬೇಕು. 48 ಗಂಟೆಯೊಳಗೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಲುಪಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಕೋರ್ಟಿನ ಅನುಮತಿ ಇಲ್ಲದೆ ಸೀಲ್ ಒಡೆಯುವಂತಿಲ್ಲ. ಮಾದರಿ ಕೈ ಬದಲಾಯಿಸಿದ ಪ್ರತಿ ಸಲವೂ ದಾಖಲಾಗುವ ಒಂದು ರಿಜಿಸ್ಟರ್ ಇರಬೇಕು, ಅದು ಕೋರ್ಟ್ ಕಡತದ ಭಾಗವಾಗಬೇಕು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ದಂಡ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕೂಡ ಹೇಳುತ್ತದೆ. ಇದನ್ನು ಹಂತಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಇದೆ. ಎಲ್ಲಾ ಒಳ್ಳೆಯದೇ. ಕಾಗದದ ಚೀಲ, ಅರಗಿನ ಮೊಹರು, ಒಂದು ರಿಜಿಸ್ಟರು, ಹೊತ್ತಿಗೆ ಸರಿಯಾಗಿ ಬಸ್ ಹತ್ತುವ ಒಬ್ಬ ಪೇದೆ. ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ಇವೇ.

ಆದರೆ ಯಂಗ್‌ಬ್ಲಡ್ ಪ್ರಕರಣ ಓದಿದ ಮೇಲೆ ಒಂದು ಕಡೆ ಕಣ್ಣು ನಿಲ್ಲುತ್ತದೆ. ಆ ರಿಜಿಸ್ಟರ್ ಶುರುವಾಗುವುದು ಮಾದರಿ ತೆಗೆದಾಗ, ಮುಗಿಯುವುದು ಶಿಕ್ಷೆಯೋ ಬಿಡುಗಡೆಯೋ ಆದಾಗ. ಯಂಗ್‌ಬ್ಲಡ್ ಅವರನ್ನು ಬಿಡಿಸಿದ ಪರೀಕ್ಷೆ ನಡೆದದ್ದು ಶಿಕ್ಷೆಯಾದ 15 ವರ್ಷದ ಮೇಲೆ, ಎಲ್ಲ ಮೇಲ್ಮನವಿಗಳೂ ಮುಗಿದ ಮೇಲೆ. ನಮ್ಮಲ್ಲಿ ವಿಚಾರಣೆ ಮುಗಿದರೆ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳ, ವಿಲೇವಾರಿಗೆ ಆದೇಶ ಮಾಡಲು ಬಿಎನ್‌ಎಸ್‌ಎಸ್ 498ನೇ ಕಲಂ ಇದೆ. ಶಿಕ್ಷೆ ಅನುಭವಿಸುತ್ತಿರುವವರೆಗೆ ಸ್ವಾಬ್ ಮತ್ತು ಬಟ್ಟೆಯನ್ನು ಇಟ್ಟುಕೊಳ್ಳಿ ಅನ್ನುವ ಪ್ರತ್ಯೇಕ ಕಾಯ್ದೆ ಇಲ್ಲ. ಡಿಎನ್‌ಎ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಗೆ ಬಂದಿದ್ದ ಮಸೂದೆಯನ್ನು ಸರ್ಕಾರ 2023ರಲ್ಲಿ ವಾಪಸ್ ತೆಗೆದುಕೊಂಡಿತು. ಮೇಲ್ಮನವಿ ಮುಗಿದ ಮೇಲೆ ಆ ಚೀಲವನ್ನು ಯಾರು, ಎಲ್ಲಿ, ಎಷ್ಟು ವರ್ಷ ಇಟ್ಟುಕೊಳ್ಳಬೇಕು ಅನ್ನುವುದನ್ನು ಇನ್ನು ಮುಂದೆ ಬರೆಯಬೇಕಾಗಿದೆ.